ಶನಿವಾರದ ಕೆಂದ, ಸೋಮವಾರದ ಬೂದ

ಇಜೇರಿ ಕಡೆಯ ಹಳಬರನ್ನು ಈಗಲೂ ಕೇಳಿ ನೋಡಿ, ವಾರಕ್ಕೆ ಎರಡು ದಿನ ಕೆಲಸಕ್ಕೆ ಸೂಟಿ ಇದ್ದ ಎತ್ತುಗಳ ಸುದ್ದಿ ಹೇಳುತ್ತಾರೆ. ಒಂದು ಕೆಂದ, ಚಂದಮ್ಮನದು. ಇನ್ನೊಂದು ಬೂದ, ಜಗದೇವಪ್ಪನದು. ಇಬ್ಬರಿಗೂ ಒಂದೊಂದೇ ಎತ್ತು. ಒಂದು ಕೈಯಿಂದ ಚಪ್ಪಾಳೆ ಆಗುವುದಿಲ್ಲ, ಒಂದು ಎತ್ತಿನಿಂದ ಒಕ್ಕಲುತನ ಆಗುವುದಿಲ್ಲ. ಅದಕ್ಕೇ ಎರಡನ್ನೂ ಜೋಡಿ ಮಾಡಿ, ಸರದಿಯ ಮೇಲೆ ಇಬ್ಬರ ಹೊಲವನ್ನೂ ಮಾಡುತ್ತಿದ್ದರು. ಚಂದಮ್ಮ ಶನಿವಾರ ಎತ್ತಿನ ಹೆಗಲ ಮೇಲೆ ನೊಗ ಇಡಗೊಡುತ್ತಿರಲಿಲ್ಲ, ಜಗದೇವಪ್ಪ ಸೋಮವಾರ ಇಡಗೊಡುತ್ತಿರಲಿಲ್ಲ. ಅವಳದು ಬೈಬಲ್ಲಿನ ಸಬ್ಬತ್, ಅವನದು ಬಸವಣ್ಣನ ವಾರ. "ಏ, ಮುಂದಿನ ಜನ್ಮ ಅಂತ ಇದ್ರ ಜಗದೇವಪ್ಪನ ಕೊಟ್ಟಿಗ್ಯಾಗ ಎತ್ತಾಗಿ ಹುಟ್ಟಬೇಕಲೇ, ತಹಶೀಲ್ದಾರಗೂ ಇಷ್ಟು ಸೂಟಿ ಇಲ್ಲ" ಎಂದು ಕಟ್ಟೆಯ ಮೇಲೆ ಕೂತ ಮಂದಿ ನಗುತ್ತಿದ್ದರು. ನಗಲಿ ಬಿಡಿ. ಆ ಮಂದಿಯ ಎತ್ತುಗಳು ಎಂಟು ವರ್ಷಕ್ಕೆ ಹೆಗಲು ಬಾತು ಕೂತವು. ಕೆಂದ, ಬೂದ ಹದಿನಾಲ್ಕು ವರ್ಷ ದುಡಿದವು.

ಆದರೆ ಚಂದಮ್ಮ ಮಣ್ಣಿಗೆ ಒಲಿದು ಬಂದವಳಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಅವಳನ್ನು ದೇವತೆ ಮಾಡಿದ ಹಾಗಾಗುತ್ತದೆ. ಅವಳು ಅಂಥವಳಲ್ಲವೇ ಅಲ್ಲ, ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡ ಹೆಂಗಸು. ಇಜೇರಿಯ ಹೊಲದಲ್ಲೇ ಹುಟ್ಟಿ, ಕಳೆ ಕಿತ್ತು ಕಿತ್ತು ಬೆರಳು ಸೀಳಿಸಿಕೊಂಡು, ಹದಿನೇಳಕ್ಕೆ ಕಲಬುರ್ಗಿಯ ಗಿರಣಿ ಕೆಲಸಗಾರ ಸಮಾಧಾನಪ್ಪನನ್ನು ಮದುವೆಯಾಗಿ ಹೋಗುವಾಗ, "ಯವ್ವಾ, ಇನ್ನ ಈ ಯರಿಮಣ್ಣು ನನ್ನ ಕಾಲಿಗೆ ಹತ್ತಂಗಿಲ್ಲ" ಎಂದು ತಾಯಿಗೆ ಹೇಳಿಯೇ ಬಸ್ಸು ಹತ್ತಿದ್ದಳು. ಕಲಬುರ್ಗಿಯಲ್ಲಿ ಒಂದು ಖೋಲಿ, ಓಣಿಯ ಮೂಲೆಯಲ್ಲಿ ನಲ್ಲಿ, ತಲೆಯ ಮೇಲೊಂದು ಬಲ್ಬು. ಅಷ್ಟಕ್ಕೇ ಅವಳು ರಾಣಿ.

ಗಂಡ ಹೆಂಡತಿ ಇಬ್ಬರೂ ಅಡ್ವೆಂಟಿಸ್ಟ್ ಸಭೆಗೆ ಸೇರಿದವರು. ಶುಕ್ರವಾರ ಹೊತ್ತು ಮುಳುಗಿದಾಗಿನಿಂದ ಶನಿವಾರ ಹೊತ್ತು ಮುಳುಗುವ ತನಕ ಆ ಸಭೆಯವರು ಕೆಲಸ ಮುಟ್ಟುವುದಿಲ್ಲ. ಒಲೆಯನ್ನೂ ಆದಷ್ಟು ಹಚ್ಚುವುದಿಲ್ಲ. ಗಿರಣಿಯ ಭೋಂಗಾಕ್ಕೆ ಇದೆಲ್ಲ ಎಲ್ಲಿ ತಿಳಿಯಬೇಕು? ಅದು ಶನಿವಾರವೂ ಕೂಗುತ್ತಿತ್ತು. ಸಮಾಧಾನಪ್ಪ ಕೆಲವು ವರ್ಷ ಪಾಳಿ ಬದಲಿ ಮಾಡಿಕೊಂಡ, ಕೆಲವು ಸಲ ಪಗಾರ ಕಳಕೊಂಡ, ಕೆಲವು ಸಲ ಮನಸ್ಸು ಮುರಿದುಕೊಂಡು ಹೋದ. ಹೋದ ದಿನ ಊಟ ಮಾಡುತ್ತಿರಲಿಲ್ಲ.

ಅವರ ಪಾಸ್ಟರ್ ಸೈಕಲ್ ಮೇಲೆ ತಿರುಗುವ ಮನುಷ್ಯ. ಪ್ರಾರ್ಥನೆ ಮುಗಿದ ಮೇಲೆ ಅವರು ಹೇಳುತ್ತಿದ್ದದ್ದು ಒಂದೇ ಮಾತು. "ದೇವರು ಮನಷ್ಯಾನ ಇಟ್ಟಿದ್ದು ತೋಟದಾಗ್ರಿ, ಗಿರಣ್ಯಾಗ ಅಲ್ಲ. ಒಂದು ತುಂಡು ಭೂಮಿ ಇದ್ದವರು ಹಳ್ಳಿಗಿ ಹೋಗ್ರಿ, ಬಿತ್ರಿ, ಮಕ್ಕಳಿಗಿ ಹಾಲು, ಕಾಯಿಪಲ್ಯಾ ತಿನ್ನಸ್ರಿ. ನಿಮ್ಮ ಶನಿವಾರಕ್ಕ ಅಲ್ಲಿ ಯಾರ ಭೋಂಗಾನೂ ಅಡ್ಡ ಬರಂಗಿಲ್ಲ." ಸಮಾಧಾನಪ್ಪನಿಗೆ ಈ ಮಾತು ಎದೆಯಲ್ಲಿ ನಾಟಿತು. ಅಷ್ಟರಲ್ಲಿ ಚಂದಮ್ಮನ ಅಪ್ಪ ತೀರಿಕೊಂಡ. ಗೇಣಿ ಕಾಯ್ದೆಯಲ್ಲಿ ಅವನ ಹೆಸರಿಗೆ ಬಂದಿದ್ದ ನಾಲ್ಕು ಎಕರೆ ತೆಳುಮಣ್ಣಿನ ಮಡ್ಡಿ ಹೊಲ ಒಬ್ಬಳೇ ಮಗಳ ಪಾಲಿಗೆ ಬಂತು. ಪಾಸ್ಟರ್, "ನೋಡ್ರಿ, ದೇವರೇ ದಾರಿ ತೆಗದ" ಎಂದರು. ಚಂದಮ್ಮ ಮನಸ್ಸಿನಲ್ಲೇ, ದೇವರಿಗೆ ಬೇರೆ ದಾರಿ ಸಿಗಲಿಲ್ಲವೇ ಎಂದು ಬೈದುಕೊಂಡಳು.

ಮೂರು ದಿನ ಜಗಳಾಡಿದಳು, ಅತ್ತಳು. ಕಡೆಗೆ ಒಂದು ಕರಾರು ಹಾಕಿದಳು. "ಕೇಳ್ರಿ ಇಲ್ಲಿ. ಒಂದು ಹಿಂಗಾರಿ ಪೀಕು ನೋಡತೇನಿ. ಒಂದೇ. ಜೋಳ ಮನಿಗಿ ಬಂತಂದ್ರ ಇರೋಣು. ಬರಲಿಲ್ಲಂದ್ರ ಸುಮ್ಮನ ಗಂಟು ಕಟ್ಟಿ ಕಲಬುರ್ಗಿ ಬಸ್ಸು ಹತ್ತಬೇಕು. ಪಾಸ್ಟರ್ ಬಂದು ಕಾಲಿಗಿ ಬಿದ್ರೂ ನಾ ಕೇಳಂಗಿಲ್ಲ." ಸಮಾಧಾನಪ್ಪ ಬೈಬಲ್ ಮೇಲೆ ಕೈಯಿಟ್ಟು ಹೂಂ ಅಂದ. ಅದು ಎಪ್ಪತ್ತೇಳನೆಯ ಇಸವಿ.

ಊರಿಗೆ ಬಂದವರ ಕೈಯಲ್ಲಿದ್ದದ್ದು ಅಪ್ಪ ಬಿಟ್ಟುಹೋದ ಕೆಂದ ಒಂದೇ. ಪಕ್ಕದ ಹೊಲದ ಜಗದೇವಪ್ಪನ ಜೋಡಿ ಎತ್ತಿನಲ್ಲಿ ಒಂದು ಆ ಬೇಸಿಗೆಯಲ್ಲಿ ಸತ್ತು, ಬೂದ ಒಂಟಿಯಾಗಿತ್ತು. ಅವನು ಲಿಂಗವಂತರ ಮನೆತನದವನು, ಐವತ್ತರ ಆಸುಪಾಸು, ನಾಲ್ಕು ಎಕರೆಯ ಸಣ್ಣ ರೈತ. ಚಂದಮ್ಮನ ಮನೆ ಊರ ಹೊರಗಿನ ಕೇರಿಯಲ್ಲಿ. ಎತ್ತಿಗೆ ಕೇರಿ ಗೊತ್ತಿಲ್ಲವಲ್ಲ, ಅದಕ್ಕೆ ಜೋಡಿ ಸುಲಭವಾಗಿ ಕೂಡಿತು. ಚಂದಮ್ಮನ ಹತ್ತಿರ ಕೊಟ್ಟಿಗೆ ಇರಲಿಲ್ಲವೆಂದು ಕೆಂದನೂ ಜಗದೇವಪ್ಪನ ಕೊಟ್ಟಿಗೆಯಲ್ಲೇ ಉಳಿದ. ಮನುಷ್ಯರು ಮಾತ್ರ ಕೂಡಲಿಲ್ಲ. ಹೊಲದಲ್ಲಿ ಬುತ್ತಿ ಬಿಚ್ಚುವ ಹೊತ್ತಿಗೆ ಜಗದೇವಪ್ಪ, ಅವನ ಹೆಂಡತಿ ಗುರುಬಾಯಿ ಬೇವಿನ ನೆರಳಿಗೆ ಹೋಗುತ್ತಿದ್ದರು. ಚಂದಮ್ಮ, ಸಮಾಧಾನಪ್ಪ ಅತ್ತ ಜಾಲಿಯ ಕೆಳಗೆ. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ, ಹಂಗೇ ನಡೆದುಬಂದದ್ದು.

ಮಾತಿಗೇನೂ ಕಡಿಮೆ ಇರಲಿಲ್ಲ. ಗುರುಬಾಯಿಗೆ ಇವರ ರೀತಿಯೇ ಒಂದು ತಮಾಷೆ. "ಯಾಕ್ ಬೇ ಚಂದಮ್ಮ, ನೀವು ಖಂಡ ತಿನ್ನೋದು ಬಿಟ್ಟೀರಂತ, ಖರೇನು?"

"ಖರೇ ಯವ್ವಾ. ಚಾನೂ ಬಿಟ್ಟೇವಿ."

"ಅಯ್ಯ ಶಿವನೇ! ಖಂಡ ಬಿಟ್ಟಿದ್ದು ಚಲೋ ಆತು, ಚಾ ಯಾಕ ಬಿಟ್ರಿ? ಚಾ ಏನು ಪಾಪ ಮಾಡಿತ್ತು?"

ಜಗದೇವಪ್ಪನಿಗೆ ದಿನಕ್ಕೆ ಆರು ಸಲ ಚಹಾ ಬೇಕು. "ಚಾ ಕುಡಿಯದವರ ಜೋಡಿ ಎತ್ತು ಕೂಡಿಸಿ ಕೆಟ್ಟೆ" ಎಂದು ನಗುತ್ತಿದ್ದ.

ಆ ವರ್ಷ ಉತ್ತರಿ ಮಳೆ ಕೈಕೊಟ್ಟಿತು. ಎಲ್ಲರ ಕಣ್ಣೂ ಹಸ್ತದ ಮೇಲೆ. ಹಸ್ತವೂ ಆಡಿಸಿ ಆಡಿಸಿ, ಹೋಗುವ ಹೊತ್ತಿಗೆ ಒಂದು ಬುಧವಾರ ಸುರಿಯಿತು. ಗುರುವಾರ ಹೊಲದಲ್ಲಿ ಕಾಲಿಟ್ಟರೆ ಮೊಳಕಾಲ ತನಕ ಹೂತು ಹೋಗುತ್ತಿತ್ತು. ಶುಕ್ರವಾರ ಸಂಜೆಗೆ ಹದ ಬರುವ ಹಾಗಿತ್ತು. ಜಗದೇವಪ್ಪ ಮಣ್ಣು ಹಿಡಿದು ಉಂಡೆ ಕಟ್ಟಿ ನೋಡಿದ. "ನಾಳಿಗಿ ಬಿತ್ತಬೇಕು. ನಿನ್ನದು ಮಡ್ಡಿ, ಮೊದಲ ಅದೇ ಒಣಗತದ. ಬಿಸಿಲು ನೋಡು ಹ್ಯಾಂಗ ಕಡಿಯಾಕತ್ತದ."

ಚಂದಮ್ಮ ಗಂಡನ ಮುಖ ನೋಡಿದಳು. ನಾಳೆ ಶನಿವಾರ. ಸಮಾಧಾನಪ್ಪ ತಲೆ ಅಲ್ಲಾಡಿಸಿದ. "ಐತಾರ ಬಿತ್ತೋಣ್ರಿ ಯಪ್ಪಾ. ದೇವರು ಹದ ಕಾಯತಾನ."

"ಐತಾರ ನಿನ್ನ ಹೊಲ ಅಂದ್ರ ನನ್ನದು ಯಾವಾಗ? ಸ್ವಾಮಾರ ನಾ ಎತ್ತು ಹೂಡಂಗಿಲ್ಲ. ಮಂಗಳವಾರಕ್ಕ ನನ್ನ ಹೊಲದಾಗ ಬರೇ ಹೆಂಟಿ ಉಳಿತಾವ." ಅಷ್ಟು ಹೇಳಿ ಜಗದೇವಪ್ಪ ಕೈಯ ಮಣ್ಣು ಕೊಡವಿ ಮನೆಯ ದಾರಿ ಹಿಡಿದ. ಒಬ್ಬರ ವಾರ ಇನ್ನೊಬ್ಬರು ಮುರಿಸುವುದು ಅವನ ಗುಣವಲ್ಲ.

ಚಂದಮ್ಮ ಸಂಜೆ ಒಣಗಿಸಿದ ಕಟಿ ರೊಟ್ಟಿ ಎತ್ತಿಟ್ಟಳು, ಹೊತ್ತು ಮುಳುಗುವುದರೊಳಗೆ ಕಾಳುಪಲ್ಯ ಮಾಡಿಟ್ಟಳು. ಮಾಡುವಾಗ ಒಂದು ವಿಚಿತ್ರ ಗಮನಕ್ಕೆ ಬಂತು. ಪೀಕು ಹೋದರೆ ಗೆಲ್ಲುವವಳು ಅವಳೇ, ಮತ್ತೆ ನಲ್ಲಿ, ಮತ್ತೆ ಬಲ್ಬು. ಆದರೂ ಎರಡೆರಡು ಸಲ ಬಾಗಿಲಿಗೆ ಬಂದು, ಮೋಡವೇನಾದರೂ ಇದೆಯೇ ಎಂದು ನೋಡಿ ಹೋದಳು. ಆ ನಾಲ್ಕು ಎಕರೆಯಲ್ಲಿ ಎರಡು ತಿಂಗಳು ಹರಗಿದ್ದಾಳೆ, ಕಸ ಆರಿಸಿದ್ದಾಳೆ. ಮಣ್ಣು ಕಾಲಿಗೆ ಹತ್ತಿಬಿಟ್ಟಿತ್ತು, ಸುಡುಗಾಡು.

ಶನಿವಾರ ಬೆಳಿಗ್ಗೆ ಮಕ್ಕಳಿಬ್ಬರನ್ನೂ ಕರಕೊಂಡು ಮೂರು ಮೈಲಿ ನಡೆದು, ಪಕ್ಕದ ಹಳ್ಳಿಯ ಸುಭದ್ರಾಬಾಯಿಯ ಮನೆಗೆ ಪ್ರಾರ್ಥನೆಗೆ ಹೋದರು. ಸುಭದ್ರಾಬಾಯಿಯೂ ಅದೇ ಸಭೆಯವಳು. ಅವಳ ಗಂಡ, ಇಬ್ಬರು ಮೈದುನರು ಎಲ್ಲರೂ ಪಾಸ್ಟರರ ಮಾತು ಕೇಳಿ ಪಟ್ಟಣ ಬಿಟ್ಟು ಬಂದವರೇ. ದಿನವೆಲ್ಲ ಅಲ್ಲೇ ಕಳೆದು, ಹೊತ್ತು ಇಳಿದ ಮೇಲೆ ಹೊರಟು, ಇನ್ನೂ ಬೆಳಕಿರುವಾಗಲೇ ಬಂದರು. ದಾರಿ ತಮ್ಮ ಹೊಲದ ಬದುವಿನ ಮೇಲೇ. ಸಮಾಧಾನಪ್ಪ ನಿಂತುಬಿಟ್ಟ.

ಹೊಲ ಬಿತ್ತಿಯಾಗಿತ್ತು. ಈ ತುದಿಯಿಂದ ಆ ತುದಿಗೆ ಕೂರಿಗೆಯ ಸಾಲು, ನೆಟ್ಟಗೆ. ಸಾಲಿನ ನಡುವೆ ಎತ್ತಿನ ಹೆಜ್ಜೆ, ಅದರಲ್ಲಿ ಒಂದು ಕೆಂದನದು. ಅವನ ಹಿಂಗಾಲು ಸ್ವಲ್ಪ ಸೊಟ್ಟ, ಯಾರಾದರೂ ಗುರುತು ಹಿಡಿಯುತ್ತಿದ್ದರು.

ಜಗದೇವಪ್ಪ, ಗುರುಬಾಯಿ ಇಬ್ಬರೇ ಬೆಳಗಿನಿಂದ ಸಂಜೆಯ ತನಕ ಬಿತ್ತಿದ್ದರು. ಶನಿವಾರ ಅವರದು, ತಾವು ಬಿತ್ತಿದರೆ ಅವರ ವಾರ ಮುರಿಯುವುದಿಲ್ಲ ಎಂದು ತಿಳಿದಿದ್ದರು. ಚಂದಮ್ಮನ ಬೀಜ ಮನೆಯೊಳಗೆ ಬೀಗದಲ್ಲಿದ್ದದ್ದಕ್ಕೆ ತಮ್ಮ ಬೀಜವನ್ನೇ ಹಾಕಿದ್ದರು. ಚಂದಮ್ಮನಿಗೆ ಕಣ್ಣು ತುಂಬಿ ಬಂದವು. ಸಮಾಧಾನಪ್ಪನಿಗೂ ತುಂಬಿದವು, ಆದರೆ ಬೇರೆ ಕಾರಣಕ್ಕೆ. "ನನ್ನ ಎತ್ತು ಸಬ್ಬತ್ ದಿನಾ ದುಡೀತು ಚಂದಮ್ಮ. ಎತ್ತಿಗೂ ವಿಶ್ರಾಂತಿ ಕೊಡಂತ ಆಜ್ಞಾದಾಗೇ ಅದ. ಇದಕ್ಕೇನು ನಾ ಗಿರಣಿ ಬಿಟ್ಟು ಬಂದದ್ದು?"

"ನೀವು ಮಾಡಿದ್ದಲ್ಲಲ್ರಿ..."

"ಎತ್ತು ಯಾರದು?"

ಒಳ್ಳೆಯ ಮನುಷ್ಯ ತಪ್ಪು ಮಾಡಲು ಹೊರಟರೆ ಕೆಟ್ಟವನಿಗಿಂತ ಜೋರು. ಐತಾರ ನಸುಕಿನಲ್ಲಿ ಸಮಾಧಾನಪ್ಪ ಜಗದೇವಪ್ಪನ ಕೊಟ್ಟಿಗೆಗೆ ಹೋದ. ಕೆಂದನ ಹಗ್ಗ ಬಿಚ್ಚಿದ. ಜಗದೇವಪ್ಪ ಆಗಲೇ ತನ್ನ ಹೊಲಕ್ಕೆ ಹೊರಡಲು ಕೂರಿಗೆ ಎತ್ತಿಟ್ಟಿದ್ದ. "ಎಲ್ಲಿಗಿ ಒಯ್ಯಾಕತ್ತೀಯೋ?"

"ನಿನ್ನಿ ಇದಕ್ಕ ವಿಶ್ರಾಂತಿ ಸಿಕ್ಕಿಲ್ಲರಿ. ಇವತ್ತು ಕೊಡತೇನಿ. ಆ ಹೊಲಾನೂ ಹರಗಿ ಕೆಡಸತೇನಿ. ಶನಿವಾರದ ಪೀಕು ನಾ ಉಣ್ಣಂಗಿಲ್ಲ."

ಜಗದೇವಪ್ಪ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ತನ್ನ ಎರಡೂ ಅಂಗೈ ಮುಂದೆ ಚಾಚಿ ನೋಡಿಕೊಂಡ. "ನನ್ನ ಕೈ ಮುಟ್ಟಿದ ಬೀಜ ನಿನಗ ಮೈಲಿಗಿ ಆತೇನೋ ಸಮಾಧಾನಪ್ಪ?"

ಆ ಮಾತು ಆ ಊರಿನಲ್ಲಿ ಆ ದಿಕ್ಕಿನಿಂದ ಈ ದಿಕ್ಕಿಗೆ ಯಾವತ್ತೂ ಬಂದಿರಲಿಲ್ಲ. ಸಮಾಧಾನಪ್ಪನ ಅಜ್ಜ, ಮುತ್ತಜ್ಜ ಎಲ್ಲರೂ ಈ ಮಾತಿನ ಕೆಳಗೆ ಬದುಕಿ ಸತ್ತವರು. ಈಗ ಅದನ್ನು ಕೇಳುತ್ತಿದ್ದವನು ಜಗದೇವಪ್ಪ. ಆದರೂ ಸಮಾಧಾನಪ್ಪ ಹಗ್ಗ ಬಿಡಲಿಲ್ಲ. ಕೆಂದನನ್ನು ಎಳೆದುಕೊಂಡು ಮನೆಗೆ ಬಂದು, ಬೇಲಿಗೆ ಕಟ್ಟಿ, ಒಳಗೆ ಹೋಗಿ ಕೂತ.

ಬಿತ್ತಿಗೆಯ ಹೊತ್ತಿನಲ್ಲಿ ಇನ್ನೊಬ್ಬರ ಎತ್ತು ಎಲ್ಲಿ ಸಿಗಬೇಕು? ಬೂದ ಒಂಟಿಯಾಗಿ ಕೊಟ್ಟಿಗೆಯಲ್ಲಿ ನಿಂತ. ಜಗದೇವಪ್ಪನ ಐತಾರ ಹೋಯಿತು. ಸೋಮವಾರ ಅವನೇ ಹೂಡುವುದಿಲ್ಲ. ಬಿಸಿಲು ಚುರುಚುರು ಸುಡುತ್ತಿತ್ತು. ಅವನ ಹೊಲದ ಕೆಳಗಿನ ಎರಡು ಎಕರೆ ಆಳವಾದ ಕರಿ ಯರಿಮಣ್ಣು, ಮಂಗಳವಾರದ ತನಕ ತಡೆಯುತ್ತಿತ್ತು. ಮೇಲಿನ ಎರಡು ಎಕರೆ ತಡೆಯುತ್ತಿರಲಿಲ್ಲ.

ಚಂದಮ್ಮ ಗಂಡನಿಗೆ ಆ ಮಧ್ಯಾಹ್ನ ಉಣ್ಣಲು ಇಕ್ಕಲಿಲ್ಲ. ಸೊಂಟಕ್ಕೆ ಕೈಯಿಟ್ಟು ಎದುರು ನಿಂತಳು. "ನಿಮ್ಮ ಸಬ್ಬತ್ ಉಳಸಾಕ ಗಿರಣಿ ಬಿಟ್ರಿ. ಅದು ಬರೋಬ್ಬರಿ, ನಾನೂ ಬಂದೆ. ಈಗ ಆ ಮನಷ್ಯಾನ ಪೀಕು ತೆಗದ್ರಿ. ಇದು ಯಾವ ಆಜ್ಞಾದಾಗ ಅದ? ಹೇಳ್ರಿ, ನಂಗ ಓದಾಕ ಬರಂಗಿಲ್ಲ, ನೀವೇ ಓದಿ ಹೇಳ್ರಿ."

ಸಮಾಧಾನಪ್ಪ ಎದ್ದು ಬಾಗಿಲಿಗೆ ಹೋಗಿ, ಬೇಲಿಗೆ ಕಟ್ಟಿದ ಕೆಂದನನ್ನು ನೋಡಿದ. "ಏನು ಮಾಡೋದು ಬೇ ಈಗ? ಈಗಿಂದೀಗ ಕೆಂದನ ಬಿಟ್ರೂ ಹೊತ್ತು ಇಳೀತು. ನಾಳಿ ಸ್ವಾಮಾರ, ಅಂವಾ ಎತ್ತು ಹೂಡಂಗಿಲ್ಲ" ಎಂದ.

"ಎತ್ತು ಹೂಡಂಗಿಲ್ಲ. ನಾವೇನು ಎತ್ತೇನು?" ಎಂದವಳೇ ಚಪ್ಪಲಿ ಮೆಟ್ಟಿ, ಸುಭದ್ರಾಬಾಯಿಯ ಹಳ್ಳಿಯ ದಾರಿ ಹಿಡಿದಳು. ಮೂರು ಮೈಲಿ ಹೋಗಿ ಮೂರು ಮೈಲಿ ಬಂದಳು.

ಸೋಮವಾರ ಹೊತ್ತು ಹುಟ್ಟುವಾಗ ಜಗದೇವಪ್ಪ ಎತ್ತಿನ ಮೈ ತೊಳೆಯಲು ಹಳ್ಳಕ್ಕೆ ಹೊರಟಿದ್ದ. ಪ್ರತಿ ಸೋಮವಾರದ ಪದ್ಧತಿ ಅದು. ಕೆಂದ ಇಲ್ಲ, ಬೂದ ಒಂದೇ. ತನ್ನ ಹೊಲದ ಹತ್ತಿರ ಬರುವಾಗ ಗದ್ದಲ ಕೇಳಿ ನೋಡಿದರೆ, ಕೆಂದ ಬೇವಿನ ಕೆಳಗೆ ಕಟ್ಟಿಸಿಕೊಂಡು ಮೆಲುಕು ಹಾಕುತ್ತಿದ್ದಾನೆ. ಹೊಲದಲ್ಲಿ ಸುಭದ್ರಾಬಾಯಿಯ ಮನೆಯಿಂದ ತಂದ, ಒಮ್ಮೆಗೆ ಎರಡೇ ಸಾಲು ಬೀಳುವ ಎರಡು ತಾಳಿನ ಸಣ್ಣ ಕೂರಿಗೆ. ಅದರ ಹಗ್ಗ ಹೆಗಲ ಮೇಲೆ ಹಾಕಿಕೊಂಡು ಸಮಾಧಾನಪ್ಪ, ಸುಭದ್ರಾಬಾಯಿಯ ಗಂಡ, ಇಬ್ಬರು ಮೈದುನರು, ಸುಭದ್ರಾಬಾಯಿ ಕೂಡ ಬಾಗಿ ಎಳೆಯುತ್ತಿದ್ದಾರೆ. ಹಿಂದೆ ಚಂದಮ್ಮ ಉಡಿಯಲ್ಲಿ ತನ್ನ ಬೀಜ ಕಟ್ಟಿಕೊಂಡು, ಒಂದು ಕೈಯಲ್ಲಿ ಕೂರಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಕಾಳು ಬಿಡುತ್ತಿದ್ದಾಳೆ. ಸಾಲು ಹಾವಿನ ಹಾಗೆ ಅಂಕುಡೊಂಕು.

"ಏ! ಏನು ಮಾಡಾಕತ್ತೀರಿ? ಇವತ್ತು ಸ್ವಾಮಾರ!"

"ಸ್ವಾಮಾರ ಎತ್ತಿಗ್ರಿ ಯಪ್ಪಾ" ಎಂದಳು ಚಂದಮ್ಮ, ಏದುಸಿರಿನಲ್ಲಿ. "ಎತ್ತು ನೆಳ್ಳಾಗ ಅದ, ನೋಡ್ರಿ."

ಸಮಾಧಾನಪ್ಪ ಹಗ್ಗ ಹೊತ್ತುಕೊಂಡೇ ತಲೆ ಎತ್ತಿದ. ಹೆಗಲು ಆಗಲೇ ಕೆಂಪಾಗಿತ್ತು. "ನಿಮ್ಮ ಕೈ ಮೈಲಿಗಿ ಅಲ್ಲರಿ. ನನ್ನ ತಲಿ ಮೈಲಿಗಿ ಆಗಿತ್ತು. ಹೊಲ ಕೆಡಸಂಗಿಲ್ಲ. ನೀವು ಬಿತ್ತಿದ್ದು ಉಣ್ಣತೇನಿ."

ಜಗದೇವಪ್ಪ ಬೂದನನ್ನು ಕೆಂದನ ಪಕ್ಕ ಕಟ್ಟಿದ. ಧೋತರ ಮೇಲೆ ಕಟ್ಟಿಕೊಂಡು ಬಂದು ಚಂದಮ್ಮನ ಕೈಯಿಂದ ಕೂರಿಗೆಯ ಹಿಡಿ ತೆಗೆದುಕೊಂಡ. "ಸರಿ ಬೇ ತಂಗಿ. ಗಿರಣ್ಯಾಗಿಂದ ಬಂದವರು ಸಾಲು ಹಿಡಿಯೋದು ನೋಡಿದ್ರ ಕಾಗಿ ನಗತಾವ."

ಅವನು ತಂಗಿ ಎಂದು ಕರೆದದ್ದು ಅವತ್ತೇ ಮೊದಲು. ಸಾಲು ನೆಟ್ಟಗಾಯಿತು. ಸುದ್ದಿ ಕೇಳಿ ಗುರುಬಾಯಿಯೂ ಓಡಿ ಬಂದಳು. ಬಂದವಳೇ ಸೆರಗು ಸಿಗಿಸಿ ಉಡಿ ಒಡ್ಡಿದಳು. ಚಂದಮ್ಮ ತನ್ನ ಉಡಿಯ ಅರ್ಧ ಬೀಜ ಅವಳ ಉಡಿಗೆ ಸುರಿದು, ಹಗ್ಗಕ್ಕೆ ಹೆಗಲು ಕೊಟ್ಟಳು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು, ಕೆಲವರು ನಕ್ಕರು, ಇಬ್ಬರು ಬಂದು ಎರಡು ಸಾಲು ಎಳೆದೂ ಹೋದರು. ಸಂಜೆಗೆ ಮೇಲಿನ ಎರಡು ಎಕರೆ ಮುಗಿಯಿತು. ಕೆಳಗಿನದನ್ನು ಮಂಗಳವಾರ ಕೆಂದ, ಬೂದ ಬಿತ್ತಿದವು.

ಆ ಸೋಮವಾರ ಬುತ್ತಿ ಬಿಚ್ಚುವ ಹೊತ್ತಿಗೆ ಚಂದಮ್ಮ ರೂಢಿಯ ಮೇಲೆ ಜಾಲಿಯ ಕಡೆ ಹೊರಟಿದ್ದಳು. ಗುರುಬಾಯಿ ಅಲ್ಲಿಂದಲೇ ಕೂಗಿದಳು. "ಅತ್ತಾಗೆಲ್ಲಿಗಿ ಬೇ? ಜಾಲಿ ಗಿಡಕ್ಕ ನೆಳ್ಳೆಲ್ಲದ, ಬರೇ ಮುಳ್ಳು. ಇಲ್ಲಿ ಬರ್ರಿ." ಎಲ್ಲರೂ ಬೇವಿನ ಕೆಳಗೆ ಒಂದೇ ಅರಿವೆಯ ಮೇಲೆ ರೊಟ್ಟಿ ಹರವಿಕೊಂಡು ಉಂಡರು. ಜಗದೇವಪ್ಪ ಚಂದಮ್ಮನ ಕಟಿ ರೊಟ್ಟಿ ಕಟಕಟ ಕಡಿದು, "ಊಟೇನೋ ಚಲೋ ಆತು, ಈಗೊಂದು ಗುಟುಕು ಚಾ ಇದ್ದಿದ್ರ" ಎಂದ. ಆ ಮೇಲೆ ಜಾಲಿಯ ಕೆಳಗೆ ಯಾರೂ ಕೂಡಲಿಲ್ಲ.

ಜೋಳ ಬಂತು. ಅದ್ಭುತವೇನೂ ಅಲ್ಲ, ಇದ್ದುದರಲ್ಲಿ ಚಲೋ. ರಾಶಿ ಮುಗಿದ ಸಂಜೆ ಸಮಾಧಾನಪ್ಪ ಹೆಂಡತಿಯನ್ನು ಕೆಣಕಿದ. "ಪೀಕೇನೋ ಬಂತು. ಆದರೂ ನಿನ್ನ ಮನಸ್ಸು ಅಲ್ಲೇ ಇದ್ರ ಹೇಳು, ಕಲಬುರ್ಗಿಗಿ ಹೋಗೋಣು."

ಚಂದಮ್ಮ ಮೊರದಿಂದ ತಲೆ ಎತ್ತಲಿಲ್ಲ. "ಹೋಗೋಣಂತ. ಶನಿವಾರ ನೀವು ಬಂಡಿ ಹೂಡಂಗಿಲ್ಲ, ಸ್ವಾಮಾರ ಅಣ್ಣ ಹೂಡಂಗಿಲ್ಲ. ಉಳದ ದಿನ ನಂಗ ಹೊಲದಾಗ ಕೆಲಸ ಅದ. ಯಾವ ದಿನಾ ಹೋಗಬೇಕು, ನೀವೇ ಲೆಕ್ಕಾ ಹಾಕ್ರಿ."

ಆ ದಿನ ಇಪ್ಪತ್ತು ವರ್ಷ ಸಿಗಲಿಲ್ಲ. ಎಂಥ ವರ್ಷಗಳು ಅವು! ಶುಕ್ರವಾರ ಸಂಜೆ ಗುರುಬಾಯಿ ಓಣಿಯಲ್ಲಿ ನಿಂತು, "ಹೊತ್ತು ಮುಳಗಾಕತ್ತದ ಬೇ, ಒಲಿ ಆರಸು" ಎಂದು ಕೂಗುತ್ತಿದ್ದಳು. ಸೋಮವಾರ ಚಂದಮ್ಮನ ಹೆಣ್ಣುಮಕ್ಕಳು ಎತ್ತುಗಳ ಮೈ ತೊಳೆಯಲು ಜಗದೇವಪ್ಪನ ಹಿಂದೆ ಹಳ್ಳಕ್ಕೆ ಓಡುತ್ತಿದ್ದರು. ಪಾಸ್ಟರ್ ಬಂದಾಗಲೆಲ್ಲ ಜಗದೇವಪ್ಪ, "ನಿಮ್ಮ ಮಂದಿಗಿ ಚಾ ಒಂದು ಕುಡ್ಯಾಕ ಹೇಳ್ರಿ, ಉಳದದ್ದೆಲ್ಲ ಬರೋಬ್ಬರಿ ಅದ" ಎಂದು ಅರ್ಜಿ ಹಾಕುತ್ತಿದ್ದ. ಮೊದಲು ಕೆಂದ ಹೋದ, ಅದೇ ವರ್ಷ ಬೂದ. ಇಬ್ಬರನ್ನೂ ಬದುವಿನ ಮೇಲೆ ಹೂತರು. ಆಮೇಲೆ ಸಮಾಧಾನಪ್ಪ, ಆಮೇಲೆ ಗುರುಬಾಯಿ. ತೊಂಬತ್ತಾರರಲ್ಲಿ ಜಗದೇವಪ್ಪನೂ ಹೋದ.

ಅವನ ಮಗ ಶಾಂತಲಿಂಗಪ್ಪ ಟ್ರ್ಯಾಕ್ಟರ್ ತಂದಿದ್ದ. ತೊಂಬತ್ತೇಳರ ಹಸ್ತ ಮತ್ತೆ ಹಾಗೇ ಆಡಿಸಿ, ಕಡೆಗೆ ಸುರಿಯಿತು. ಹದ ಬಂದದ್ದು ಶನಿವಾರ. ಬಿತ್ತಲು ಬಂದ ಟ್ರ್ಯಾಕ್ಟರ್ ಚಂದಮ್ಮನ ಹೊಲದ ಬದುವಿಗೆ ಬಂದು ನಿಂತಿತು. ಶಾಂತಲಿಂಗಪ್ಪ ಕೀಲಿ ಕೈ ತೆಗೆದು ಕಿಸೆಗೆ ಹಾಕಿಕೊಂಡು, ಬೇವಿನ ಕೆಳಗೆ ಟವೆಲ್ ಹಾಸಿ ಮಲಗಿದ. ಮಂದಿ ಕೇಳಿದರು, "ಲೇ, ಯಂತ್ರಕ್ಕೇನು ಶನಿವಾರ? ನಿಂದಾದ್ರೂ ಬಿತ್ತಿಕೋ."

"ಅಪ್ಪ ಹೇಳಿ ಹೋಗ್ಯಾನ. ಅತ್ತಿ ಹೊಲ ಮೊದಲ, ನಮ್ಮದು ಆಮ್ಯಾಲ. ಶನಿವಾರ ಅಲ್ಲ" ಎಂದ. ಐತಾರ ಚಂದಮ್ಮನ ಹೊಲ ಬಿತ್ತಿದ. ಸೋಮವಾರ ಟ್ರ್ಯಾಕ್ಟರ್ ಕೊಟ್ಟಿಗೆಯಲ್ಲೇ ನಿಂತಿತು, ಕೆಂದ, ಬೂದ ನಿಲ್ಲುತ್ತಿದ್ದ ಜಾಗದಲ್ಲೇ.

ಅವತ್ತು ಬೆಳಿಗ್ಗೆ ಹಳ್ಳದ ಕಡೆ ಹೋದ ಶಾಂತಲಿಂಗಪ್ಪ ನೋಡುತ್ತಾನೆ, ತನ್ನ ಹೊಲದ ಮೇಲಿನ ತುದಿಯಲ್ಲಿ ಅರವತ್ತು ದಾಟಿದ ಚಂದಮ್ಮ ಒಬ್ಬಳೇ ಬಗ್ಗಿದ್ದಾಳೆ. ಒಂದು ಕೈಯಲ್ಲಿ ಕಳೆ ತೆಗೆಯುವ ಕುರ್ಚಿಗಿ, ಉಡಿಯಲ್ಲಿ ಬೀಜ. ಮಣ್ಣು ಕೆದರಿ ಎರಡೆರಡು ಕಾಳು ಹಾಕಿ ಮುಚ್ಚುತ್ತಾ ಬರುತ್ತಿದ್ದಾಳೆ.

"ಅತ್ತೀ, ಏನಿದು? ನಾಳಿ ಟ್ರ್ಯಾಕ್ಟರ್ ಬರತದಲ್ಲ!"

"ಬರಲಿ ಬಿಡೋ. ಈ ತುದಿ ನಾಳಿ ತನಕ ತಡಿಯಂಗಿಲ್ಲ, ನಿಮ್ಮಪ್ಪಗ ಗೊತ್ತಿತ್ತು" ಎಂದು ಚಂದಮ್ಮ ಮುಂದಿನ ಗುಣಿ ತೆಗೆದಳು. "ಎಳ್ಯಾಕ ಹೆಗಲಿಲ್ಲ ಈಗ. ಬಿತ್ತಾಕ ಕೈ ಅದಾವ. ಸುಮ್ಮನ ನೋಡಕೋತ ನಿಲ್ಲಬ್ಯಾಡ, ನೀನೂ ಈ ಕಡಿ ಸಾಲು ಹಿಡಿ."

ಶಾಂತಲಿಂಗಪ್ಪ ಚಪ್ಪಲಿ ಬಿಟ್ಟು ಹೊಲಕ್ಕೆ ಇಳಿದ.